ಸೀಟಿನ ತೋಳು

ಹೊರಡ್ತೀನಿ ಅಂದ್ರೆ ಹೇಗೆ ಭಾವ, ಈಗ ತಾನೆ ಬಂದಿದ್ದೀರಿ! ಕೂತ್ಕೊಳ್ಳಿ. ಹತ್ತೊಂಬತ್ತು ವರ್ಷ ಆದ್ಮೇಲೆ ಈ ಅಂಗಡಿ ಮೆಟ್ಟಿಲು ಹತ್ತಿದ್ದೀರಿ, ಬಾಗಿಲಲ್ಲೇ ನಿಂತು ಹೋಗೋದಾ? ಬನ್ನಿ... ಒಳಗೆ ಬನ್ನಿ. ಫ್ಯಾನ್ ಹಾಕ್ತೀನಿ.

ಹ್ಞೂಂ, ಅದೇ ಸೈಕಲ್ಲು. ಅಕ್ಕಂದು. ಯಾಕೆ ನಗ್ತೀರಿ? ನಗಿ, ನಗಿ. ದಾರೀಲಿ ಹೋಗೋರೆಲ್ಲ ನಿಂತು ಕೇಳ್ತಾರೆ, "ಏನಯ್ಯಾ, ಸೀಟಿನ ಕೆಳಗಿನ ಕಂಬ ಯಾರೋ ಕದ್ಕೊಂಡು ಹೋದ್ರಾ?" ಅಂತ. ಇದಕ್ಕೆ ಕಂಬಾನೇ ಇಲ್ಲ ಕಣ್ರಪ್ಪಾ ಅಂದ್ರೆ ನಂಬಲ್ಲ! ಮುಂದಿನಿಂದ ಒಂದು ತೋಳು ಚಾಚಿಕೊಂಡಿದೆ, ಅದರ ತುದೀಲಿ ಸೀಟು ಗಾಳೀಲಿ ಕೂತಿದೆ. ಈಜು, ಸೈಕಲ್, ಓಟ ಮೂರನ್ನೂ ಒಂದೇ ದಮ್ಮಿಗೆ ಮುಗಿಸೋರಿಗೆ ಅಂತ ಮಾಡಿದ ಗಾಡಿ. ಈಗ ಯಾರೂ ಮಾಡಲ್ಲ.

ಇದನ್ನ ರಿಪೇರಿ ಮಾಡೋಕೆ ಏಳು ತಿಂಗಳು ಹಿಡೀತು ಭಾವ. ಚಕ್ರ ಮಾಮೂಲಿಗಿಂತ ಚಿಕ್ಕದಲ್ವಾ, ಟೈರ್ ಹುಡುಕಿ ಹುಡುಕಿ ಚಪ್ಪಲಿ ಸವೀತು. ಮೊಣಕೈ ಊರ್ತಾರಲ್ಲ, ಆ ಮೆತ್ತೆ ಮುಟ್ಟಿದ್ರೆ ಪುಡಿ ಪುಡಿ. ಹ್ಯಾಂಡಲ್ ತುದೀಲಿರೋ ಗೇರ್ ಕಡ್ಡಿ, ಅದರ ಸ್ಪ್ರಿಂಗ್ ಹೋಗಿತ್ತು. ಹಳೇ ಗೋಡೆ ಗಡಿಯಾರದ್ದು ಕತ್ತರಿಸಿ ಹಾಕಿದೆ. ಬಲಗಡೆ ಟಾರು ಉಜ್ಜಿದ ಗಾಯ ಇದೆ ನೋಡಿ, ಅದನ್ನ ಮಾತ್ರ ಮುಚ್ಚಿಲ್ಲ. "ಹಾಗೇ ಇರ್ಲಿ ಕಣೋ" ಅಂದ್ಲು ಅಕ್ಕ.

ಅವಳೇ ಕೇಳಿದ್ದು. "ಐವತ್ತು ತುಂಬೋದ್ರೊಳಗೆ ಒಂದೇ ಒಂದು ಸಲ ಅದರ ಮೇಲೆ ಕೂರ್ಬೇಕು." ಸೊಂಟದಲ್ಲಿ ಸ್ಟೀಲು ಇಟ್ಕೊಂಡು! ಹನ್ನೊಂದಕ್ಕೆ ಬರ್ತಾಳೆ...

ಏಳಬೇಡಿ! ಏಳಬೇಡಿ ಭಾವ. ಅವಳಿಗೆ ಗೊತ್ತಿಲ್ಲ ನೀವು ಬಂದಿರೋದು. ಕೆಲಸ ಇದೆ ಅಂತ ಫೋನ್ ಮಾಡಿದೆನಲ್ಲ, ಸುಳ್ಳಲ್ಲ. ಈ ತೋಳಿನ ಬುಡದ ರಬ್ಬರ್ ಎಷ್ಟು ಬಿಗಿ ಮಾಡ್ಬೇಕು ಅನ್ನೋ ಹದ ನಿಮ್ಮ ಕೈಗೆ ಮಾತ್ರ ಗೊತ್ತು.

ಕೈ... ಯಾಕೆ ಜೇಬಲ್ಲೇ ಇಟ್ಕೊಂಡಿದ್ದೀರಿ? ತೆಗೀರಿ, ನೋಡೋಣ. ಅಯ್ಯೋ. ಎರಡು ಬೆರಳೂ ಮಡಚಲ್ವಾ? ಚಳೀಲಿ ನೋಯುತ್ತಾ?

ನೆನಪಿದೆ ನನಗೆ. ಎಲ್ಲ ನೆನಪಿದೆ. ಮಟಮಟ ಮಧ್ಯಾಹ್ನ. ಬೆಳಿಗ್ಗೆ ಪಂದ್ಯ, ಇಳಿಜಾರಲ್ಲಿ ತೋಳು ಕಿತ್ಕೊಂಡು ಸೀಟು ಹಿಂದಿನ ಚಕ್ರದ ಮೇಲೆ ಕುಸೀತು. ಚಕ್ರ ಕಚ್ಕೊಂಡು ನಿಂತ್ಬಿಡ್ತು. ಅಕ್ಕ ಎಗರಿ ಬಿದ್ದು, ರಸ್ತೆ ಮೇಲೆ ಉಜ್ಜಿಕೊಂಡು ಹೋದ್ಲು, ಸೊಂಟ ಚೂರು ಚೂರು. ಸೈಕಲ್ಲನ್ನ ಪಂದ್ಯದೋರು ವ್ಯಾನಲ್ಲಿ ತಂದು ಇದೇ ಬೆಂಚ್ ಮೇಲೆ ಒಗೆದು ಹೋದ್ರು. ಸಂಜೆವರೆಗೂ ಅವಳಿಗೆ ಪ್ರಜ್ಞೆ ಬರಲ್ಲ ಅಂದ್ರು ಡಾಕ್ಟ್ರು. ನೀವು ಆಸ್ಪತ್ರೆಯಿಂದ ಬಂದ್ರಿ. ನಾನು ಪೆಡಲ್ ಬಿಚ್ಚೋ ಸ್ಪ್ಯಾನರ್ ತಗೊಂಡೆ, ಮೊಳ ಉದ್ದದ್ದು.

ಕೈಗೆ ಮೊದಲನೇ ಏಟು. ಹಸಿ ಕಡ್ಡಿ ಲಟಕ್ ಅಂದ ಹಾಗೆ... ನೀವು ಕೂಗಲೂ ಇಲ್ಲ, ಕೈಯನ್ನೇ ನೋಡ್ತಾ ನಿಂತ್ರಿ. ಮತ್ತೆ ಅದೇ ಕೈಗೆ. ಆಮೇಲೆ ಹೆಗಲು, ಬೆನ್ನು, ಬಿದ್ದ ಮೇಲೆ ಬಾಯಿಗೆ ಒದ್ದೆ. ಹಲ್ಲು ಎಣ್ಣೆ ತಟ್ಟೇಲಿ ಬಿತ್ತು. ನೀವು ತೆವಳ್ಕೊಂಡು ಬೆಂಚ್ ಕೆಳಗೆ ಹೋದ್ರಿ, ಕಾಲು ಹಿಡಿದು ಹೊರಗೆಳೆದು ಮತ್ತೆ ಹೊಡೆದೆ! ತಂದೆ ಸಮಾನ ಅಂತ ನಿಮ್ಮ ಮುಂದೆ ಕಾಲು ಮೇಲೆ ಕಾಲು ಹಾಕಿ ಕೂರದೋನು ನಾನು. ಎದುರಿನ ಟೈಲರ್ ಬಂದು ಕುತ್ತಿಗೆ ಹಿಡಿದು ಎಳೀದೇ ಇದ್ದಿದ್ರೆ ಅವತ್ತು ಹೆಣ ಬೀಳ್ತಿತ್ತು.

ಎಲ್ರೂ ನನ್ನ ಪರಾನೇ. "ಪಾಪ, ಒಡಹುಟ್ಟಿದೋಳು ಹಾಗೆ ಬಿದ್ದಿರೋವಾಗ ರಕ್ತ ಕುದಿಯದೇ ಇರುತ್ತಾ? ಗಾಡಿ ಜೋಡಿಸಿದ್ದು ಅವಳ ಗಂಡಾನೇ ತಾನೆ?" ನೀವು ದೂರೂ ಕೊಡ್ಲಿಲ್ಲ. ಯಾಕೆ ಕೊಡ್ಲಿಲ್ಲ?

ಕೆಳಗಿನ ವಾರ್ಡಲ್ಲಿ ನಿಮ್ಮ ಕೈಗೆ ಪಟ್ಟಿ ಹಾಕ್ತಿದ್ರು. ಮೇಲಿನ ವಾರ್ಡಲ್ಲಿ ಅಕ್ಕ ಕಣ್ಣು ಬಿಟ್ಲು. ಪಕ್ಕದಲ್ಲಿ ನಾನಿದ್ದೆ. "ನೀನು ಪಂದ್ಯಕ್ಕೆ ಹೋಗೋದು ಭಾವಂಗೆ ಯಾವತ್ತೂ ಇಷ್ಟ ಇರ್ಲಿಲ್ಲ ಅಲ್ವಾ ಅಕ್ಕಾ" ಅಂದೆ. ಅಷ್ಟೇ. ಇನ್ನೊಂದು ಮಾತು ಆಡಿದ್ರೆ ನನ್ನ ನಾಲಿಗೆ ಬಿದ್ದು ಹೋಗ್ಲಿ. ನೀವೇ ಬೇಕಂತ ತೋಳು ಸಡಿಲ ಬಿಟ್ರಿ ಅಂತ ಆ ಒಂದು ಮಾತು ಅವಳೊಳಗೆ ಬೇರು ಬಿಡ್ತು. ನಿಮ್ಮ ಮನೆಗೆ ವಾಪಸ್ ಹೋಗಲೇ ಇಲ್ಲ ಅವಳು.

ಭಾವ, ಬೈಯಿರಿ. ಉಗೀರಿ ಮುಖಕ್ಕೆ! ಸುತ್ತಿಗೆ ಅಲ್ಲೇ ಇದೆ, ತಗೊಳ್ಳಿ. ಇಗೋ ಕೈ ಇಟ್ಟೆ ಬೆಂಚ್ ಮೇಲೆ. ಬಲಗೈ. ಹೊಡೀರಿ! ಬೆರಳಿಗೆ ಬೆರಳು, ಮುಗಿದು ಹೋಗ್ಲಿ!

...ಸುತ್ತಿಗೆ ಯಾಕೆ ಕೆಳಗಿಟ್ರಿ?

ಹೀಗೆ ನೋಡಬೇಡಿ. ನೋಡಬೇಡಿ ಅಂದೆ! ಕೋಪಕ್ಕೆ ಹೊಡೆದೆ. ಎಲ್ರಿಗೂ ಗೊತ್ತು, ಕೋಪಕ್ಕೆ. ಕೋಪಕ್ಕೇ...

ಅಲ್ಲ.

ಪಂದ್ಯದ ಹಿಂದಿನ ದಿನ ನೀವು ಊಟಕ್ಕೆ ಹೋಗಿದ್ರಿ. ನೀವು ಬಿಗಿ ಮಾಡಿಟ್ಟ ತೋಳನ್ನ ನಾನು ಬಿಚ್ಚಿದೆ. ಯಾಕೆ? ಜಂಬ. ಅಕ್ಕನ ಗಾಡಿ, ನಾನೂ ಒಂದು ಕೈ ಹಾಕಿದೆ ಅನ್ನಿಸ್ಕೊಳ್ಳೋ ಜಂಬ. ವಾಪಸ್ ಬಿಗಿ ಮಾಡೋವಾಗ ಬುಡದ ಬೋಲ್ಟಿನ ಥ್ರೆಡ್, ಆ ಸುತ್ತು ಗೆರೆ, ಸವೆದು ಹಾಳಾಯ್ತು. ಅಂಥ ಬೋಲ್ಟ್ ಎಲ್ಲೂ ಸಿಗಲ್ಲ. ಗೇಟಿಗೆ ಹಾಕೋ ಬೋಲ್ಟ್ ಒಂದನ್ನ ಉಜ್ಜಿ, ಕಪ್ಪು ಬಣ್ಣ ಬಳಿದು ಹಾಕ್ಬಿಟ್ಟೆ. ಹೇಳೋಣ ಅಂದ್ಕೊಂಡೆ ಭಾವ. ಸಂಜೆ ಹೇಳೋಣ, ಬೆಳಿಗ್ಗೆ ಹೇಳೋಣ... ಅಷ್ಟರಲ್ಲಿ ಅವಳು ಪಂದ್ಯದ ಈಜಿಗೆ ನೀರಿಗೆ ಇಳಿದಿದ್ಲು.

ಆ ಮಧ್ಯಾಹ್ನ ನೀವು ಬಂದು ಅಳಲಿಲ್ಲ, ಕೂಗಾಡ್ಲಿಲ್ಲ. "ತೋಳಿನ ಬುಡ ನೋಡೋಣ" ಅಂದ್ರಿ. ಅಷ್ಟೇ ಅಂದಿದ್ದು. ಬೋಲ್ಟ್ ಕಡೆ ಕೈ ಚಾಚಿದ್ರಿ. ಆ ಕೈಗೇ ಹೊಡೆದೆ. ಅದು ಆ ಜಾಗ ಮುಟ್ಟಬಾರದು ಅಂತ ಹೊಡೆದೆ! ರಕ್ತ ಕುದೀತಾ ಇರ್ಲಿಲ್ಲ ಭಾವ, ತಣ್ಣಗಿತ್ತು. ನೋಡಿ, ಗುರಿ ಇಟ್ಟು ಹೊಡೆದೆ.

ನಿಮಗೆ... ಆಶ್ಚರ್ಯಾನೇ ಆಗ್ಲಿಲ್ಲ.

ಕಂಡಿದ್ರಿ. ಏಟು ಬೀಳೋಕೆ ಮುಂಚೆನೇ ಆ ಬೋಲ್ಟ್ ಕಂಡಿದ್ರಿ ಅಲ್ವಾ? ಹತ್ತೊಂಬತ್ತು ವರ್ಷ! ಅವಳಿಗೆ ಹೇಳಿದ್ರಾ? ಹೇಳಿದ್ರಿ... ಅವಳು ನಂಬಲಿಲ್ಲ. ತಮ್ಮನ ಮಾತು ಮೊದಲು ಹೋಗಿ ಕೂತಿತ್ತಲ್ಲ ಕಿವೀಲಿ.

ಶ್... ಆಟೋ ನಿಂತ ಸದ್ದು. ಅವಳೇ. ಕೋಲು ಊರ್ಕೊಂಡು ಇಳೀತಿದ್ದಾಳೆ ನೋಡಿ. ಇಲ್ಲ, ನೀವು ಕೂತಿರಿ. ನಿಮ್ಮ ಕಾಲಿಗೆ ಬೀಳ್ತೀನಿ, ಏಳಬೇಡಿ ಭಾವ. ನೀವು ಎದ್ದು ಹೋದ್ರೆ ನಾನು ಮತ್ತೆ ಸುಳ್ಳು ಹೇಳ್ಬಿಡ್ತೀನಿ.

ಬಾ ಅಕ್ಕಾ. ಹ್ಞೂಂ, ಭಾವನೇ. ನಾನೇ ಕರೆಸಿದ್ದು. ಸೈಕಲ್ ಆಮೇಲೆ... ಮೊದಲು ಇಲ್ಲಿ ಕೂತ್ಕೊ.