ಮಾವ ಎಂದರೆ ಎರಡು ಗೆರೆ

ಅಧ್ಯಕ್ಷರಾದ ಏಕಾಂತಪ್ಪನವರೇ, ಬೆಂಗಳೂರಿನಿಂದ ಬಂದಿರುವ ಜೀವಧಾತು ಕಂಪನಿಯ ಹಿರಿಯರೇ, ಇಷ್ಟು ಸೆಕೆಯಲ್ಲೂ ಎದ್ದು ಹೋಗದ ಕೊಟ್ಟೂರಿನ ಸಭಿಕರೇ,

ಗರ್ಭದ ನೀರು ಪರೀಕ್ಷಿಸಿ ಕೂಸಿನ ರೋಗ ಹೇಳುವ ನಮ್ಮ ಕಂಪನಿಗೆ ಇಂದು ಐದು ವರ್ಷ. ಐದು ತಾಲ್ಲೂಕಿನ ಬಸುರಿಯರ ವಂಶಪಟ ಬರೆದ ದಸ್ತಗಿರಿಗೆ, ಅಂದರೆ ನನಗೆ, ಸನ್ಮಾನ. ನಮ್ಮಪ್ಪ ಪಂಪ್‌ಸೆಟ್ ರಿಪೇರಿಯವರು. ಮನುಷ್ಯರ ನಕ್ಷೆ ಬರೆಯುವುದಕ್ಕೂ ಸಂಬಳ ಕೊಡುತ್ತಾರೆಂದು ಅವರು ಕಡೆಯವರೆಗೂ ನಂಬಲಿಲ್ಲ.

"ಮದುವೆಗೆ ಮುಂಚೆ ನಿನ್ನ ಗಂಡ ನಿನ್ನ ತಾಯಿಗೆ ಏನಾಗುತ್ತಿದ್ದ?" ಫಾರಂಗೆ ನಾನು ಸೇರಿಸಿದ ಈ ಪ್ರಶ್ನೆ ಈಗ ಎಲ್ಲ ಕೇಂದ್ರಗಳಲ್ಲೂ ಇದೆ. ಇದು ಹೇಗೆ ಹೊಳೆಯಿತೆಂದು ಅಧ್ಯಕ್ಷರು ಕೇಳಿದರು. ಹೊಳೆಯಲಿಲ್ಲ, ಸ್ವಾಮಿ.

ಎಂಬತ್ತಾರರಲ್ಲಿ ಗುಡೇಕೋಟೆಯ ಅಂಜಿನಕ್ಕ ಬಂದಳು. ಎರಡು ಕೂಸು ಹೋಗಿದ್ದವು; ಮೂರನೆಯ ಬಸಿರಿಗೆ ನಾಲ್ಕು ತಿಂಗಳು ತುಂಬಿತ್ತು. "ಗಂಡ ಯಾರವ್ವಾ?" ಎಂದೆ. "ನಮ್ಮ ಮಾವ ರೀ," ಎಂದಳು. ಸೋದರಮಾವ ಎಂದುಕೊಂಡೆ. ಗಂಡ ಹೆಂಡತಿ ರಕ್ತಸಂಬಂಧಿಗಳಾದರೆ ನಮ್ಮ ನಕ್ಷೆಯಲ್ಲಿ ಇಬ್ಬರ ನಡುವೆ ಎರಡು ಗೆರೆ. ಎಳೆದೆ. ಹೊರಗೆ ಸಾಲು ಬೆಳೆದಿತ್ತು, ಮತ್ತೆ ಕೇಳಲಿಲ್ಲ.

ನೀರು ಖಚಿತವಾಗಿ ಏನೂ ಹೇಳಲಿಲ್ಲ. ಗೆರೆ ನೋಡಿ ಬೆಂಗಳೂರಿನವರು ಬರೆದರು: ಇದೂ ಉಳಿಯುವುದು ಕಷ್ಟ, ತೆಗೆಸುವುದು ಲೇಸು. ಕಾರಣ ಬರೆದಿರಲಿಲ್ಲ. ತೆಗೆಸಿದರು. ಜೊತೆಗೇ ಮುಂದೆ ಮಕ್ಕಳಾಗದಂತೆ ಆಪರೇಷನ್ನೂ ಆಯಿತು. ಸಹಿ ಗಂಡ ಬೊಮ್ಮಪ್ಪನದು.

ಮರುವರ್ಷ ಬೊಮ್ಮಪ್ಪ ಸಂತೆಯಲ್ಲಿ ಸಿಕ್ಕ. ಅಕ್ಕನ ಮಗಳನ್ನು ತರಬಾರದಿತ್ತು ಎಂದು ಬುದ್ಧಿ ಹೇಳಹೋದೆ. "ಯಾವ ಅಕ್ಕ ರೀ? ನನಗ ಅಕ್ಕನ ಇಲ್ಲ. ಆಕಿ ಮಾಗಳ ಊರಿನಾಕಿ, ನಂಟಿಲ್ಲ ಏನಿಲ್ಲ. ಗಂಡನ ಹೆಸರು ಹೇಳಬಾರದಂತ ಮಾವ ಅಂತಾಳ!"

ನನ್ನ ಹೆಂಡತಿ ಹಾಜಿರಾ ನನ್ನನ್ನು "ಅಜೀ", ಅಂದರೆ "ರೀ", ಎನ್ನುತ್ತಾಳೆ. ಅದನ್ನು ನಂಟಸ್ತಿಕೆ ಎಂದು ಯಾರೂ ಬರೆದುಕೊಂಡಿಲ್ಲ. ನಗಬಹುದು, ಸಭಿಕರೇ, ನನಗೆ ಆ ದಿನ ನಗು ಬರಲಿಲ್ಲ, ನಾಚಿಕೆಯಾಯಿತು.

ಕಂಪನಿಗೆ ಹೊಸ ಪ್ರಶ್ನೆ ಬರೆದು ಕಳಿಸಿದೆ. ನಾನೂ ಕಾರಣ ಬರೆಯಲಿಲ್ಲ. ಅವರು ಮೆಚ್ಚಿ ಪತ್ರ ಕಳಿಸಿದರು.

ಆಮೇಲೆ ಗುಡೇಕೋಟೆಗೆ ಹೋದೆ. ತಪ್ಪು ನನ್ನದು, ನೀವಿಬ್ಬರೂ ಒಂದೇ ರಕ್ತ, ಅದಕ್ಕೇ ಕೂಸು ಉಳಿಯದು ಎಂದುಕೊಂಡಿದ್ದು ಸುಳ್ಳು ಎಂದೆ. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತಿದ್ದೆ. ಅಂಜಿನಕ್ಕನ ಮುಖ ಅರಳಿತು. "ಹಂಗಾರ ಇನ್ನೊಂದು ಹಡಿಬೌದಲ್ರೀ?" ಎಂದಳು.

ಆಪರೇಷನ್ ಎಂದರೇನೆಂದು ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದನ್ನೂ ನಾನೇ ಹೇಳಿದೆ.

ಅಧ್ಯಕ್ಷರು ಕೇಳಿದರು, ಉತ್ತರ ಕೊಟ್ಟೆ. ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.