ಬಾವಲಿಗೆ ಬೆಡಗು ನೋಡಿದ್ದು

ಈ ಸಭೆಗೆ ಕಳೆ ತಂದಿರುವ ಅಧ್ಯಕ್ಷರಾದ ಅಂದಾನಪ್ಪನವರೇ, ಅತಿಥಿಗಳೇ, ಮಿಲ್ಲು ಬಂದ್ ಮಾಡಿ ಬಂದಿರುವ ಕಂಪ್ಲಿಯ ಸಭಿಕರೇ,

ಇಂದು ನೀವು ಸನ್ಮಾನಿಸುತ್ತಿರುವ ಡಾಕ್ಟರ್ ಸುಷ್ಮಿತಾ ನನ್ನ ತಂಗಿ ಗಂಗಾಂಬಿಕಾಳ ಮಗಳು. ನಾನು ಸೋದರಮಾವ. ಊರ ಶಾಲೆ ದಾಟದವನಿಗೆ ಮೈಕ್ ಏಕೆ ಎನ್ನುವಿರಾ? ಈ ಸೀಮೆಯಲ್ಲಿ ನನ್ನನ್ನು ಕೇಳದೆ ಯಾವ ಸಂಬಂಧ ಕುದುರಿದೆ, ಹೇಳಿ. ಬೆಡಗು ನೋಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬೆಡಗೆಂದರೆ ನಮ್ಮ ಜಾತಿಯೊಳಗಿನ ಗೋತ್ರ; ಹೆಣ್ಣು ಗಂಡು ಒಂದೇ ಬೆಡಗಾದರೆ ಅಣ್ಣ ತಂಗಿ; ಮದುವೆಯಿಲ್ಲ.

ಡಾಕ್ಟರೇಟಿಗಾಗಿ ಸುಷ್ಮಿತಾ ಹಂಪಿಯ ಮಂಟಪದ ಬಾವಲಿಗಳಿಂದಲೂ ನಮ್ಮ ಮಿಲ್ಲಿನ ಹಳೆ ಗೋದಾಮಿನ ಬಾವಲಿಗಳಿಂದಲೂ ರೆಕ್ಕೆಯ ಚೂರು ಚರ್ಮ ತೆಗೆದು, ಅದರೊಳಗಿನ ಕ್ರೋಮೋಸೋಮುಗಳಿಗೆ ಬಣ್ಣ ಹಾಕಿದಳು. ಫೋಟೊದಲ್ಲಿ ಅವು ಜೋಡಿ ಜೋಡಿಯಾಗಿ ನಿಂತಿವೆ, ಮೈತುಂಬ ಕಪ್ಪು ಬಿಳಿ ಪಟ್ಟೆ. ಕನ್ನಡಕ ಏರಿಸಿ ನೋಡಿದೆ. ಎರಡೂ ಊರಿನವಕ್ಕೆ ಪಟ್ಟೆ ಒಂದೇ. ತೀರ್ಪು ಕೊಟ್ಟೆ: "ಒಂದ ಬೆಡಗು. ಇವಕ್ಕ ಲಗ್ನ ಆಗಂಗಿಲ್ಲ."

"ಉಲ್ಟಾ ಹೇಳಿದ್ರಿ ಮಾಮ. ಪಟ್ಟೆ ಹೊಂದಿದ್ರನ ಒಂದು ಜಾತಿ, ಮರಿ ಆಗೋದು."

"ಹಂಗಾರ ಅವಕ್ಕ ಬೆಡಗು ನೋಡೋರು ಯಾರವ್ವ?"

"ಯಾರೂ ಇಲ್ಲ. ಅದಕ್ಕ ಮಸ್ತ್ ಅದಾವ."

ಅಂದಿನಿಂದ ನನ್ನ ತಲೆ ಕೆಟ್ಟಿದೆ. ಏಕೆಂದರೆ ಗೋದಾಮಿನಲ್ಲಿ ಅವಳ ಜೊತೆ ಬಾವಲಿ ಹಿಡಿದ ಪರಶುರಾಮ್ ಅವಳನ್ನು ಮದುವೆಯಾಗಬೇಕೆಂದಿದ್ದಾನೆ. ಅವಳಿಗೂ ಮನಸ್ಸಿದೆ. ಹುಡುಗ ನಮ್ಮ ಜಾತಿಯವನಲ್ಲ. ನಮ್ಮಲ್ಲಿ ಸೋದರಮಾವ ಹೂಂ ಎನ್ನದೆ ಅಕ್ಷತೆ ಬೀಳುವುದಿಲ್ಲ, ದೀಪಾವಳಿಯಿಂದ ನಾನು ಹೂಂ ಎಂದಿಲ್ಲ. ಇದು ಇಲ್ಲಿ ಆಡುವ ಮಾತಲ್ಲ. ತಂಗಿ ಮೊದಲ ಸಾಲಿನಲ್ಲಿ ಎದ್ದು ನಿಂತು ಕಣ್ಣು ಬಿಡುತ್ತಿದ್ದಾಳೆ. ಕುಂದ್ರವ್ವ, ಮುಗಿಸ್ತೀನಿ.

ನಿನ್ನೆ ಸುಷ್ಮಿತಾಳನ್ನು ಕೇಳಿದೆ: "ಆ ಹುಡುಗನ ಪಟ್ಟೆ ಹೆಂಗದಾವ?"

"ನಿಮ್ಮವು ಇದ್ದಂಗ. ಮನುಷ್ಯಾರದೆಲ್ಲ ಅದ ಸಾಲು ಮಾಮ."

ಸಂಕಟ ನೋಡಿ. ಪಟ್ಟೆ ಒಂದೇ ಆದರೆ ಅವನು ನಮ್ಮ ಬೆಡಗಿನವನಾದ, ಮದುವೆ ಕೂಡದು. ಆದರೆ ಬೆಡಗಿನವನಾದ ಮೇಲೆ ಜಾತಿಯವನೂ ಆದನಲ್ಲ? ಜಾತಿಯವನಾದರೆ ಇಷ್ಟು ದಿನ ನಾನು ತಡೆದದ್ದು ಯಾತಕ್ಕೆ? ಹಾಗೆ ನೋಡಿದರೆ ನನ್ನ ಮನೆಯವಳೂ ನನ್ನ ಬೆಡಗೇ. ನಾನು ಕೂಡಿಸಿದ ಮದುವೆಗಳ ಗತಿಯೇನು? ಇಲ್ಲಿ ಕುಳಿತಿರುವ ನಿಮ್ಮ ಗತಿಯೇನು? ನಗಬೇಡಿ, ಅರ್ಧದಷ್ಟು ಜೋಡಿ ನಾನೇ ಕಟ್ಟಿದ್ದು.

ಪರಶುರಾಮ್, ಬಾಗಿಲ ಹತ್ತಿರ ಯಾಕ ನಿಂತೀಯಪ್ಪ? ಮುಂದ ಬಾ, ಗಂಗಾಂಬಿಕಾ ಬಾಜೂಕ ಕುಂದ್ರು. ಶಾಲು ಹೊದಿಸುವಾಗ ಫೋಟೊದಾಗ ನೀನೂ ಬೀಳಬೇಕು.

ಚಪ್ಪಾಳೆ ತಟ್ಟುತ್ತಿದ್ದೀರಿ. ಹಾಗಾದರೆ ನಾನು ಹೂಂ ಅಂದೆನೇ? ಅಂದಿರಬೇಕು. ಇಷ್ಟು ಜನ ಚಪ್ಪಾಳೆ ತಟ್ಟಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವಷ್ಟು ಸಣ್ಣವನಲ್ಲ ನಾನು.

ಮೈಕ್ ಕೊಟ್ಟು ಈಗ ಚಿಂತೆಗೆ ಬಿದ್ದಿರುವ ಅಧ್ಯಕ್ಷರಿಗೂ, ಎದ್ದು ಹೋಗದ ನಿಮಗೂ ನಾನು ಋಣಿ. ನಮಸ್ಕಾರ.