ಹಲಗೆಯ ಅಡಿಯ ಬೆಂಕಿ

ಎಣ್ಣೆ ಸಿಡಿದ ಕೈ ಹಿಡಿದುಕೊಂಡು ಉಡುಪಿಯ ಆಸ್ಪತ್ರೆಯಲ್ಲಿ ಕಾದಿದ್ದ ಗುಣವತಿಯ ಪಕ್ಕಕ್ಕೆ, ಸುಟ್ಟ ಪಾದಕ್ಕೆ ಬಾಳೆಲೆ ಸುತ್ತಿಕೊಂಡ ಮುದುಕಿಯೊಬ್ಬಳು ಮಗನ ಜೊತೆ ಬಂದು ಕುಳಿತಳು. ಮಗನ ಮೈಯಲ್ಲಿ ದುಬಾಯಿಯ ಅತ್ತರು, ಅದರ ಮೇಲೆ ಹೊಗೆಯ ವಾಸನೆ.

“ಡಾಕ್ಟರು ಕೇಳಿದರೆ ಎಂತ ಹೇಳುವುದು, ಉಮ್ಮಾ?”

“ಗಂಜಿ ಚೆಲ್ಲಿತು ಅನ್ನುತ್ತೇನೆ.”

“ದುಬಾಯಿಯ ಹೋಟೆಲಿನ ಹಾಗೆ ಅಂಗಳದಲ್ಲಿ ಮರದ ಜಗಲಿ ಕಟ್ಟಿಸಿದ್ದು ನಾನು.”

“ಗಾಳಿಗೆ ಕೂರಲು ಚಂದ ಇತ್ತು.”

“ಅಲ್ಲಿ ನಾವು ಜಗಲಿಯ ಅಡಿಗೂ ಪೈಪು ಹಾಕುತ್ತೇವೆ. ಬೆಂಕಿ ಬಿದ್ದರೆ ನೀರು ತಾನಾಗಿ ಚಿಮ್ಮುತ್ತದೆ. ಜಗಲಿ ತೀರಾ ತಗ್ಗಾದರೆ ಪೈಪು ಬೇಡ, ಆದರೆ ಅಡಿ ಖಾಲಿ ಇರಬೇಕು. ಅದೇ ನನ್ನ ಕೆಲಸ.”

“ನಮ್ಮದು ತಗ್ಗೇ ಅಲ್ವಾ?”

“ಖಾಲಿ ಇತ್ತಾ? ಬಚ್ಚಲೊಲೆಗೆ ಅಂತ ತೆಂಗಿನ ಸಿಪ್ಪೆ ತುಂಬಿಸಿದವನೂ ನಾನೇ. ತೆಗೆ ಅಂತ ನೀವು ಹೇಳಿದಿರಿ. ನನಗೇ ಕಲಿಸುತ್ತೀರಾ ಅಂತ ನಕ್ಕೆ.”

“ಮೆಲ್ಲ ಮಾತಾಡು.”

ಗುಣವತಿ ಕಿಟಕಿಯತ್ತ ಮುಖ ತಿರುಗಿಸಿದಳು.

“ನೀವು ಬರುವುದು ಕಂಡು ಸಿಗರೇಟನ್ನು ಹಲಗೆಯ ಸಂದಿಗೆ ಹಾಕಿದೆ, ಉಮ್ಮಾ. ಆಮೇಲೆ ನೀವು ಕೂತಲ್ಲೇ ಹೊತ್ತಿಕೊಂಡಿತು.”

“ಗೊತ್ತುಂಟು ಮೋನೇ. ಸೇದುತ್ತಿದ್ದ ಸಿಗರೇಟು ನೀನು ನಂದಿಸಲಿ ಅಂತಲೇ ನಾನು ಯಾವಾಗಲೂ ಕೆಮ್ಮಿಕೊಂಡು ಬರುವುದು.”

“ಖದೀಜಮ್ಮ!” ಒಳಗಿನಿಂದ ನರ್ಸ್ ಕರೆದಳು.

ನರ್ಸಿನ ತೋಳು ಹಿಡಿದು ಕುಂಟುತ್ತಾ ಹೋದ ಮುದುಕಿಗೆ ಬಾಗಿಲಲ್ಲಿ ಕೆಮ್ಮು ಬಂತು. ಹಿಂದೆ ಹೊರಟಿದ್ದ ಮಗ ಥಟ್ಟನೆ ನಿಂತು, ಖಾಲಿ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.